ದೇಹ ತಾನಾಗಿ ತಯಾರಿಸಲಾಗದ ಕೊಬ್ಬು

ಕೊಲೆಸ್ಟರಾಲ್ ವರದಿ ಕೈಗೆ ಬಂದ ದಿನವೇ ಎಷ್ಟೋ ಮನೆಗಳಲ್ಲಿ ಎಣ್ಣೆಯ ಡಬ್ಬಿ ಕಣ್ಮರೆಯಾಗುತ್ತದೆ. ಇತ್ತೀಚೆಗೆ ನನ್ನ ದವಾಖಾನೆಗೆ ಬಂದ ಹಿರಿಯರೊಬ್ಬರು ತಮ್ಮೊಂದಿಗೆ ಮನೆಯವರಿಗೆಲ್ಲ ಎಣ್ಣೆ, ಮೀನು, ಕಡಲೆಬೀಜ ನಿಲ್ಲಿಸಿಬಿಟ್ಟಿದ್ದರು. ಮನೆಯಲ್ಲಿ ಏಳು ತಿಂಗಳ ಗರ್ಭಿಣಿ ಸೊಸೆಯೂ ಇದ್ದಳು. ಬೆಳಗಿನ ಚಹಾದ ಜೊತೆಗಿನ ಬೇಕರಿ ಖಾರಿ ಮಾತ್ರ ನಿಂತಿರಲಿಲ್ಲ! ಬಿಡಬೇಕಾದ್ದನ್ನು ಇಟ್ಟುಕೊಂಡು ಬೇಕಾದ್ದನ್ನು ಬಿಟ್ಟಿದ್ದರು.

ನಮ್ಮ ದೇಹ ಅನ್ನ, ಸಕ್ಕರೆಯಿಂದಲೂ ಕೊಬ್ಬು ತಯಾರಿಸಿಕೊಳ್ಳುತ್ತದೆ. ಆದರೆ ಎರಡು ಕೊಬ್ಬಿನಾಮ್ಲಗಳನ್ನು ಮಾತ್ರ ಅದು ತಯಾರಿಸಲಾರದು. ಒಂದು ಲಿನೋಲೆಯಿಕ್ ಆಮ್ಲ, ಇದು ಒಮೆಗಾ-6 ಗುಂಪಿನದು. ಇನ್ನೊಂದು ಆಲ್ಫಾ ಲಿನೋಲೆನಿಕ್ ಆಮ್ಲ, ಇದು ಒಮೆಗಾ-3 ಗುಂಪಿನದು. ಊಟದಿಂದಲೇ ಬರಬೇಕಾದ್ದರಿಂದ ಇವುಗಳಿಗೆ ಅವಶ್ಯಕ ಕೊಬ್ಬಿನಾಮ್ಲಗಳೆಂದು ಹೆಸರು. 1929ರಲ್ಲಿ ಅಮೆರಿಕದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿಗಳು ಇಲಿಗಳಿಗೆ ಕೊಬ್ಬೇ ಇಲ್ಲದ ಆಹಾರ ಕೊಟ್ಟು ನೋಡಿದರು. ಇಲಿಗಳ ಚರ್ಮ ಹೊಪ್ಪಳೆ ಎದ್ದಿತು, ಬೆಳವಣಿಗೆ ನಿಂತಿತು, ಮೂತ್ರಪಿಂಡ ಕೆಟ್ಟಿತು. ಲಿನೋಲೆಯಿಕ್ ಆಮ್ಲ ಕೊಟ್ಟಾಗ ಚೇತರಿಸಿಕೊಂಡವು.

ಒಮೆಗಾ-6 ಚರ್ಮದ ತೇವವನ್ನು ಹಿಡಿದಿಡುತ್ತದೆ. ಸೂರ್ಯಕಾಂತಿ, ಕುಸುಬೆ, ಶೇಂಗಾ ಎಣ್ಣೆ, ಎಳ್ಳು ಇವುಗಳಿಂದ ನಮಗೆ ಅದು ಧಾರಾಳವಾಗಿ ಸಿಗುತ್ತದೆ. ಕೊರತೆ ಇರುವುದು ಒಮೆಗಾ-3ರಲ್ಲಿ. ಸೂರ್ಯಕಾಂತಿ ಎಣ್ಣೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಎರಡೂ ಆಮ್ಲಗಳು ದೇಹದೊಳಗೆ ಒಂದೇ ಕಿಣ್ವಕ್ಕಾಗಿ ಪೈಪೋಟಿ ನಡೆಸುವುದರಿಂದ, ವರ್ಷವಿಡೀ ಒಂದೇ ಎಣ್ಣೆಗೆ ಅಂಟಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ನಡುನಡುವೆ ಸಾಸಿವೆ ಅಥವಾ ಸೋಯಾ ಎಣ್ಣೆ ತನ್ನಿ, ಒಮೆಗಾ-3 ಸ್ವಲ್ಪವಾದರೂ ಸಿಗುತ್ತದೆ.

ಮಗುವಿನ ಮೆದುಳಿಗೂ ಕಣ್ಣಿನ ಅಕ್ಷಿಪಟಲಕ್ಕೂ ಡಿಎಚ್‌ಎ ಎಂಬ ಒಮೆಗಾ-3 ಬೇಕು. ಗರ್ಭದ ಕೊನೆಯ ಮೂರು ತಿಂಗಳಲ್ಲಿ ತಾಯಿಯಿಂದ ಅದು ಹೆಚ್ಚಾಗಿ ಮಗುವಿಗೆ ಹೋಗುತ್ತದೆ. ಕಾಳು, ಬೀಜಗಳಲ್ಲಿರುವ ಒಮೆಗಾ-3ಯನ್ನು ದೇಹ ಡಿಎಚ್‌ಎ ಆಗಿ ಮಾರ್ಪಡಿಸುವುದು ತೀರಾ ಅಲ್ಪ. ಹಾಗಾಗಿ ಬಸುರಿಗೆ ಮೀನು ಬೇಡವೆನ್ನುವ ಅತ್ತೆಯರಲ್ಲಿ ನನ್ನ ವಿನಂತಿ: ಬೂತಾಯಿ, ಬಂಗುಡೆಯಂಥ ಸಣ್ಣ ಮೀನು ವಾರಕ್ಕೆ ಎರಡು ಸಲ ಕೊಡಿ. ದುಬಾರಿ ಮೀನು ಬೇಕಿಲ್ಲ. ಪಾದರಸ ಹೆಚ್ಚಿರುವ ಶಾರ್ಕ್‌ನಂಥ ದೊಡ್ಡ ಮೀನು ಬೇಡ. ಎಣ್ಣೆಯಲ್ಲಿ ಮುಳುಗಿಸಿ ಕರಿಯುವುದಕ್ಕಿಂತ ಸಾರು ಮಾಡಿದರೆ ಒಳ್ಳೆಯದು.

ಮೀನು ಸಿಗದ ಒಳನಾಡಿನಲ್ಲಿ ಅಗಸೆ ಇದೆ. ಯುನಾನಿಯಲ್ಲಿ ಇದಕ್ಕೆ ಕತಾನ್ ಎನ್ನುತ್ತೇವೆ, ಕೆಮ್ಮಿಗೆ ಕೊಡುವ ಲಊಕೆ ಕತಾನ್ ಇದರಿಂದಲೇ ಆಗುವುದು. ಹಳೆಯ ಹಕೀಮರಿಗೆ ಒಮೆಗಾ-3 ಗೊತ್ತಿತ್ತೆಂದು ನಾನು ಹೇಳುವುದಿಲ್ಲ, ಬೀಜದ ಗುಣವನ್ನು ಅವರು ಬಲ್ಲವರಾಗಿದ್ದರು. ಅಗಸೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಭಾಗ ಒಮೆಗಾ-3. ಇಡೀ ಬೀಜ ನುಂಗಿದರೆ ಹಾಗೆಯೇ ಹೊರಹೋಗುತ್ತದೆ. ಸ್ವಲ್ಪ ಹುರಿದು, ಪುಡಿಮಾಡಿ, ದಿನಕ್ಕೆ ಒಂದು ದೊಡ್ಡ ಚಮಚ ರೊಟ್ಟಿಯ ಜೊತೆಗೋ ಮೊಸರಿಗೋ ಹಾಕಿಕೊಳ್ಳಿ. ವಯಸ್ಕರಿಗೆ ದಿನಕ್ಕೆ ಬೇಕಾದ ಒಂದೂವರೆ ಗ್ರಾಂನಷ್ಟು ಆಲ್ಫಾ ಲಿನೋಲೆನಿಕ್ ಆಮ್ಲ ಅದರಲ್ಲೇ ಸಿಗುತ್ತದೆ. ಉತ್ತರ ಕರ್ನಾಟಕದ ಅಗಸಿ ಹಿಂಡಿ ಇದೇ ತಾನೆ? ಪುಡಿ ಬೇಗ ಕಮಟುವುದರಿಂದ ವಾರಕ್ಕಾಗುವಷ್ಟೇ ಮಾಡಿ, ನೀರು ಹೆಚ್ಚು ಕುಡಿಯಿರಿ. ಗರ್ಭಿಣಿಯರು ಅಗಸೆಯನ್ನು ಔಷಧದಂತೆ ಹೆಚ್ಚು ತಿನ್ನಬಾರದು.

ಇನ್ನು ಖಾರಿ, ಡಾಲ್ಡಾದ ಮಾತು. ಟ್ರಾನ್ಸ್ ಕೊಬ್ಬು ಶೇಕಡಾ 2 ಮೀರಬಾರದೆಂಬ ನಿಯಮ 2022ರ ಜನವರಿಯಿಂದ ನಮ್ಮ ದೇಶದಲ್ಲಿದೆ. ಆದರೂ ರಮಝಾನಿನಲ್ಲಿ ಸಮೋಸ ಕರಿದ ಎಣ್ಣೆಯನ್ನೇ ಮರುದಿನ, ಅದರ ಮರುದಿನ ಕಾಯಿಸಿದರೆ ನಿಯಮ ಏನು ಮಾಡೀತು? ಕಪ್ಪಾದ, ನೊರೆ ಏಳುವ ಎಣ್ಣೆಯನ್ನು ಚೆಲ್ಲಿಬಿಡಿ.

ಮೀನೆಣ್ಣೆಯ ಕ್ಯಾಪ್ಸೂಲ್ ಕೊಳ್ಳುವವರು ಅದರ ಹೊರಕವಚದ ಜೆಲಟಿನ್ ಯಾವುದರದೆಂದು ಲೇಬಲ್ ಓದಿ. ಹಂದಿಯದೂ ಇರುತ್ತದೆ, ಹಲಾಲ್ ಗುರುತಿನದೂ ಸಿಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರು ವೈದ್ಯರನ್ನು ಕೇಳದೆ ಕ್ಯಾಪ್ಸೂಲ್ ಆಗಲಿ, ದಿನವೂ ಅಗಸೆಯಾಗಲಿ ಶುರುಮಾಡಬೇಡಿ.

ಆ ಹಿರಿಯರಿಗೆ ನಾನು ಖಾರಿ ನಿಲ್ಲಿಸಲು ಹೇಳಿದೆ, ಹೃದ್ರೋಗದ ವೈದ್ಯರು ಕೊಟ್ಟ ಮಾತ್ರೆಯನ್ನು ಮುಂದುವರಿಸಲು ಹೇಳಿದೆ. ಸೊಸೆಯ ತಟ್ಟೆಗೆ ಬಂಗುಡೆ ಅಂದೇ ಮರಳಿತಂತೆ.