ಭಾನುವಾರಕ್ಕೊಂದು ಕೆಲಸ: ಮನೆಯಂಗಳದಲ್ಲಿ ಜೀಪಿನ ಎಂಜಿನ್ ಬದಲಾವಣೆ

ನಮ್ಮ ಸದಸ್ಯರಲ್ಲಿ ಹಲವರ ಮನೆಯಲ್ಲಿ ಇಂದಿಗೂ ಹಳೆಯ ಜೀಪುಗಳಿವೆ. ಗೊಬ್ಬರ, ಅಡಿಕೆ, ಕಾಫಿ ಮೂಟೆ ಮತ್ತು ಆಳುಕಾಳುಗಳನ್ನು ಹೊತ್ತು ಏರು ಹತ್ತುವ ಈ ಗಾಡಿಗಳ ಎಂಜಿನ್ ಸವೆದಾಗ, ಹೊಸ ವಾಹನ ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಕಳೆದ ಮಳೆಗಾಲದಲ್ಲಿ ನನ್ನ ಮಹೀಂದ್ರ ಎಂ.ಎಂ. 540 ಜೀಪಿನ ಎಂಜಿನ್ನನ್ನು ಭಾನುವಾರಗಳಂದೇ ಬದಲಾಯಿಸಿದೆ. ಆ ಅನುಭವದಿಂದ ಸದಸ್ಯರಿಗೆ ಉಪಯೋಗವಾಗಬಹುದಾದ ಕೆಲವು ಸಂಗತಿಗಳನ್ನು ಇಲ್ಲಿ ತಿಳಿಸುತ್ತೇನೆ.

ಮೊದಲು ಕಾಗದಪತ್ರ, ಆಮೇಲೆ ಸ್ಪ್ಯಾನರ್

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಹೇಳಿದೆ. ಆದುದರಿಂದ ಮೊದಲು ಆರ್.ಟಿ.ಓ. ಕಛೇರಿಯಲ್ಲಿ ಅನುಮತಿ ಪಡೆಯಬೇಕು. ಹೊಸ ಎಂಜಿನ್ ನಂಬರು ಆರ್.ಸಿ. ಪುಸ್ತಕದಲ್ಲಿ ನಮೂದಾಗಬೇಕು, ವಿಮಾ ಕಂಪನಿಗೂ ತಿಳಿಸಬೇಕು. ಜೀಪಿನಲ್ಲಿ ಕೂರುವವರು ನಮ್ಮನ್ನೇ ನಂಬಿದ ಜನ. ಅಪಘಾತವಾದ ದಿನ ಎಂಜಿನ್ ನಂಬರು ತಾಳೆಯಾಗದಿದ್ದರೆ ಅವರ ಪರಿಹಾರಕ್ಕೇ ತೊಡಕು ಬಂದೀತು.

ಯಾವ ಎಂಜಿನ್?

ಈ ಜೀಪಿಗೆ ಮೂಲತಃ ಬಂದದ್ದು ಪ್ಯೂಜೊ ಎಕ್ಸ್.ಡಿ.ಪಿ. 4.90 ಡೀಸೆಲ್ ಎಂಜಿನ್, 2,112 ಸಿ.ಸಿ.ಯದು. ಮೈಲೇಜಿನ ಆಸೆಗೆ ಬೇರೆ ಜಾತಿಯ ಎಂಜಿನ್ ಕೂರಿಸುವಂತೆ ಹಲವರು ಹೇಳಿದರು. ಆದರೆ ಹಾಗೆ ಮಾಡಿದರೆ ಬೆಲ್ ಹೌಸಿಂಗ್, ಮೌಂಟಿಂಗ್, ಸೈಲೆನ್ಸರ್ ಪೈಪು ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕಾಗುತ್ತದೆ. ಕಾನೂನಿನ ತೊಡಕು ಬೇರೆ. ಅದೇ ಜಾತಿಯ ಹಳೆಯ ಎಂಜಿನ್ ಹುಡುಕುವುದೇ ಲೇಸು. ಕೊಳ್ಳುವಾಗ ಮೂರು ಪರೀಕ್ಷೆ ಮಾಡಿ. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಅದಕ್ಕೆ ನೀರು ಸೇರಿದೆ ಎಂದು ತಿಳಿಯಿರಿ. ಚಾಲೂ ಮಾಡಿ ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಬುಸುಗುಟ್ಟಿದರೆ ರಿಂಗು ಸವೆದಿದೆ. ಬಿಲ್ ಇಲ್ಲದ ಅಥವಾ ನಂಬರು ಉಜ್ಜಿದ ಎಂಜಿನ್ನನ್ನು ಪುಕ್ಕಟೆ ಕೊಟ್ಟರೂ ತರಬೇಡಿ.

ಕೆಲಸದ ಕ್ರಮ

ಆ ದಿನ ಮುಗಿಸಲಾಗದ ಕೆಲಸವನ್ನು ಆ ದಿನ ಆರಂಭಿಸಬಾರದು. ಇದೇ ಮುಖ್ಯ ಸೂತ್ರ. ಅರ್ಧಕ್ಕೆ ಬಿಟ್ಟ ಕೆಲಸ ಮುಂದಿನ ವಾರಕ್ಕೆ ಮರೆತುಹೋಗುತ್ತದೆ.

ಮೊದಲನೆಯ ಭಾನುವಾರ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿದೆವು. ನೀರು, ಆಯಿಲ್ ಇಳಿಸಿದೆವು. ಹಳೆಯ ಆಯಿಲನ್ನು ಹಳ್ಳಕ್ಕೆ ಚೆಲ್ಲದೆ ಡಬ್ಬಿಯಲ್ಲಿ ತುಂಬಿಟ್ಟೆವು. ಪ್ರತಿ ತಂತಿಗೂ ಪೈಪಿಗೂ ಚೀಟಿ ಕಟ್ಟಿ, ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಟ್ಟೆವು.

ಎರಡನೆಯ ಭಾನುವಾರ ರೇಡಿಯೇಟರ್ ತೆಗೆದು ಎಂಜಿನ್ ಎತ್ತಿದೆವು. ಅದು ಎರಡು ಕ್ವಿಂಟಾಲಿನ ಆಸುಪಾಸಿನ ಭಾರ, ಅಂದರೆ ನಾಲ್ಕು ಮೂಟೆ ಕಾಫಿ ಒಂದೇ ಕೊಂಡಿಯಲ್ಲಿ ತೂಗಿದಂತೆ. ಚೈನ್ ಬ್ಲಾಕನ್ನು ಕೊಟ್ಟಿಗೆಯ ತೊಲೆಗೆ ಬಿಗಿಯಲು ಹೊರಟಿದ್ದೆ. ನಮ್ಮ ಹಳೆಯ ಆಳು ಮಚ್ಚಿನ ಹಿಡಿಯಿಂದ ತೊಲೆಯನ್ನು ಬಡಿದು ನೋಡಿ, “ಬ್ಯಾಡಿ ಅಯ್ಯಾ, ಒಳಗೆಲ್ಲ ಗೆದ್ದಲು ತಿಂದೈತೆ” ಎಂದ. ಕಬ್ಬಿಣದ ಮೂರುಕಾಲು ತರಿಸಿದೆವು. ತೂಗುವ ಎಂಜಿನ್ನಿನ ಕೆಳಗೆ ಯಾರೂ ಕೈಕಾಲು ಇಡಬಾರದು.

ಮೂರನೆಯ ಭಾನುವಾರ ಹೊಸದಾಗಿ ತಂದ ಎಂಜಿನ್ನಿಗೆ ಹಿಂಬದಿಯ ಆಯಿಲ್ ಸೀಲ್, ಕ್ಲಚ್ ಪ್ಲೇಟ್, ಕ್ರ್ಯಾಂಕ್ ತುದಿಯ ಪೈಲಟ್ ಬೇರಿಂಗ್, ಕ್ಲಚ್ಚಿನ ರಿಲೀಸ್ ಬೇರಿಂಗ್ ಮತ್ತು ಮೌಂಟಿಂಗ್ ರಬ್ಬರು ಹಾಕಿದೆವು. ಎಂಜಿನ್ ಹೊರಗಿರುವಾಗ ಇವನ್ನು ಬದಲಾಯಿಸದೆ ಉಳಿತಾಯ ಮಾಡಿದರೆ, ಮುಂದೆ ಸಣ್ಣ ಸೀಲಿಗಾಗಿ ಎಲ್ಲವನ್ನೂ ಮತ್ತೆ ಬಿಚ್ಚಬೇಕಾದೀತು.

ನಾಲ್ಕನೆಯ ಭಾನುವಾರ ಮಳೆ ಹೊಳವಾಯಿತು. ಕೊಳೆರೋಗ ಎಂಜಿನ್ನಿಗಾಗಿ ಕಾಯುವುದಿಲ್ಲ. ಎಲ್ಲರೂ ಬೋರ್ಡೋ ಹೊಡೆಯಲು ತೋಟಕ್ಕೆ ಹೋದೆವು.

ಐದನೆಯ ಭಾನುವಾರ ಎಂಜಿನ್ ಕೂರಿಸಿದೆವು. ಕ್ಲಚ್ ಪ್ಲೇಟನ್ನು ಮೊದಲೇ ನಡುಮಧ್ಯಕ್ಕೆ ಹೊಂದಿಸಿದ್ದರೆ ಗೇರ್ ಬಾಕ್ಸಿನ ಶಾಫ್ಟು ತಾನಾಗಿ ಒಳಸರಿಯುತ್ತದೆ. ಸರಿಯದಿದ್ದರೆ ಬೋಲ್ಟು ಬಿಗಿದು ಎಳೆಯಬೇಡಿ. ಕ್ಲಚ್ ಪ್ಲೇಟ್ ಬಾಗುತ್ತದೆ, ಹೌಸಿಂಗ್ ಸೀಳುತ್ತದೆ. ಹಿಂದಕ್ಕೆ ತೆಗೆದು ಮತ್ತೆ ಹೊಂದಿಸಿ.

ಆರನೆಯ ಭಾನುವಾರ ಆಯಿಲ್, ನೀರು ತುಂಬಿದೆವು. ಡೀಸೆಲ್ ಹೋಗದಂತೆ ತಡೆದು, ಆಯಿಲ್ ಪ್ರೆಷರ್ ತೋರುವವರೆಗೆ ನಡುನಡುವೆ ಬಿಡುವು ಕೊಡುತ್ತಾ ಸ್ಟಾರ್ಟರ್ ತಿರುಗಿಸಿದೆವು. ಬಳಿಕ ಫಿಲ್ಟರಿನಲ್ಲಿ, ಆಮೇಲೆ ಇಂಜೆಕ್ಟರ್ ನಟ್ಟುಗಳಲ್ಲಿ ಗಾಳಿ ಬಿಡಿಸಿದೆವು. ಸವೆದ ಡೀಸೆಲ್ ಎಂಜಿನ್ ಕೆಲವೊಮ್ಮೆ ತನ್ನ ಆಯಿಲನ್ನೇ ಉರಿಸುತ್ತಾ ಹತೋಟಿ ಮೀರಿ ಓಡುತ್ತದೆ. ಆಗ ಬೀಗದಕೈ ತಿರುಗಿಸಿದರೆ ನಿಲ್ಲದು. ಗಾಳಿ ಒಳಹೋಗುವ ಬಾಯಿಯನ್ನು ಮುಚ್ಚಬೇಕು. ಅದಕ್ಕೆಂದು ಒಬ್ಬನನ್ನು ಚಪ್ಪಟೆ ಹಲಗೆ ಹಿಡಿದು ನಿಲ್ಲಿಸಿದ್ದೆ. ಅದರ ಅಗತ್ಯ ಬೀಳಲಿಲ್ಲ. ಅಗತ್ಯ ಬಿದ್ದಾಗ ಹಲಗೆ ಹುಡುಕಲು ಸಮಯವಿರುವುದಿಲ್ಲ.

ಚಾಲೂ ಆಯಿತೆಂದು ಕೂಡಲೇ ಮೂಟೆ ಹೇರಬಾರದು. ಬ್ರೇಕ್ ನೋಡಿ, ಬರಿ ಗಾಡಿಯನ್ನು ಕೆಲವು ದಿನ ಹತ್ತಿರದಲ್ಲೇ ಓಡಿಸಿ, ಮೌಂಟಿಂಗ್ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ. ಸೋರಿಕೆ ಪರೀಕ್ಷಿಸಿ.

ಅಡಿಕೆ ಕೊನೆಕೊಯ್ಲಿಗೆ ಮೊದಲೇ ನಮ್ಮ ಜೀಪು ಸಿದ್ಧವಾಯಿತು. ಇಂಥ ಕೆಲಸ ಮಾಡಬಯಸುವ ಸದಸ್ಯರು ಮಳೆಗಾಲದ ಆರಂಭದಲ್ಲೇ ಯೋಚಿಸಿ, ಒಂದೆರಡು ಭಾನುವಾರ ಹೆಚ್ಚಿಗೆ ಇಟ್ಟುಕೊಂಡು ಕೈಹಾಕಿ. ಕುಯ್ಲು ಹತ್ತಿರ ಬಂದಾಗ ಎಂಜಿನ್ ಬಿಚ್ಚುವುದು, ಮಳೆ ಹಿಡಿದ ಮೇಲೆ ಮಾಡು ಬಿಚ್ಚಿದಂತೆ.