ಮಲ್ಪೆಯ ಕಂಬಗಳ ವಯಸ್ಸಿನ ತಕರಾರು

2022ರ ಜೂನ್ ಕೊನೆಯಲ್ಲಿ ಸುಳ್ಯದ ಸುತ್ತಮುತ್ತ ಸಂಪಾಜೆ, ಅರಂತೋಡು, ಚೆಂಬು ಕಡೆ ಭೂಮಿ ಮತ್ತೆ ಮತ್ತೆ ಅದುರಿತು. 28ರ ಬೆಳಗಿನ ಕಂಪನದ ತೀವ್ರತೆ 3.0. ಸುಳ್ಯದ ಅಡಿಯಲ್ಲೇನಾದರೂ ಜ್ವಾಲಾಮುಖಿ ಇದೆಯೇ ಎಂದು ನನ್ನಂಥವನ ತಲೆಗೂ ಹೊಳೆದದ್ದು ಆಗಲೇ.

ಇಲ್ಲ. ನಮ್ಮ ಗುಡ್ಡಗಳ ತಳದ ಶಿಲೆ ನೂರಾರು ಕೋಟಿ ವರ್ಷ ಹಳೆಯದು, ಮೇಲೆ ಮುರಕಲ್ಲು. ಲಾವಾ ನೋಡಲೇಬೇಕೆಂದರೆ ಹವಾಯಿಯ ರಾಷ್ಟ್ರೀಯ ಉದ್ಯಾನದವರೆಗೆ ಹೋಗಬೇಕಾಗಿಲ್ಲ. ಪುತ್ತೂರು, ಮಂಗಳೂರು, ಉಡುಪಿ ದಾಟಿ ಮಲ್ಪೆಯಲ್ಲಿ ಬೋಟು ಹತ್ತಿದರೆ ಸೇಂಟ್ ಮೇರೀಸ್ ದ್ವೀಪ, ಸ್ಥಳೀಯರ ತೋನ್ಸೆಪಾರು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಶಿಲುಬೆ ನೆಟ್ಟನೆಂಬುದು ಪ್ರತೀತಿ. ಬೋಟಿನಲ್ಲಿ ಕೇಳಸಿಗುವುದು ಬಹುಮಟ್ಟಿಗೆ ಇಷ್ಟೇ.

ತೆಂಗಿನ ಮರಗಳ ಆಚೆ ಬದಿಯಲ್ಲಿ ಐದು, ಆರು, ಏಳು ಮುಖದ ಕಲ್ಲುಕಂಬಗಳು ಒತ್ತೊತ್ತಾಗಿ ನಿಂತಿವೆ. ಲಾವಾ ಆರುತ್ತಾ ಕುಗ್ಗಿದಾಗ, ಬೇಸಿಗೆಯ ಗದ್ದೆಯಂತೆ ಬಿರುಕು ಬಿಟ್ಟು, ಬಿರುಕು ಆಳಕ್ಕಿಳಿದು ಆದ ಕಂಬಗಳು. ದಖ್ಖನ್ನಿನ ಕಪ್ಪು ಬಸಾಲ್ಟ್ ಅಲ್ಲ ಇದು. ಸಿಲಿಕಾ ಹೆಚ್ಚಿರುವ, ಬಣ್ಣ ತಿಳಿಯಾದ ಲಾವಾ.

ವಯಸ್ಸೆಷ್ಟು? ತಕರಾರು ಇರುವುದು ಇಲ್ಲೇ. 1981ರಲ್ಲಿ ಪ್ರಕಟವಾದ ಲೆಕ್ಕ 9.3 ಕೋಟಿ ವರ್ಷ ಎಂದಿತು. ಅಂದರೆ ಸುಮಾರು 6.6 ಕೋಟಿ ವರ್ಷದ ದಖ್ಖನ್ ಲಾವಾದ ನೆಂಟಸ್ತಿಕೆ ಮುರಿಯಿತು. 2000ದಲ್ಲಿ ವಿಜ್ಞಾನಿ ಟಾರ್ಸ್ವಿಕ್ ಮತ್ತವರ ಸಂಗಡಿಗರು ಯುರೇನಿಯಂ–ಸೀಸದ ವಿಧಾನದಿಂದ 9.12 ಕೋಟಿ ಎಂದರು. ಮರುವರ್ಷವೇ ಪಾಂಡೆ, ಶೇಠ್, ಭೂತಾನಿ ಆರ್ಗಾನ್ ಅಳೆದು 8.56 ಕೋಟಿ ಎಂದರು. ನಡುವೆ ಬರೀ 56 ಲಕ್ಷ ವರ್ಷ! ಆರ್ಗಾನ್ ಅನಿಲ, ಶಿಲೆಯಿಂದ ಸೋರಿಹೋದರೆ ಕಲ್ಲು ಇದ್ದದ್ದಕ್ಕಿಂತ ಎಳೆಯದಾಗಿ ಕಾಣುತ್ತದೆ. ಯುರೇನಿಯಂ–ಸೀಸ ಅಳೆಯುವ ಜಿರ್ಕಾನ್ ಹರಳು ಅಷ್ಟು ಸುಲಭಕ್ಕೆ ಗುಟ್ಟು ಬಿಡುವುದಿಲ್ಲ, ಹಾಗಾಗಿ ನನ್ನ ಓಟು ಟಾರ್ಸ್ವಿಕ್‌ಗೆ. ಆದರೆ ಒಂದು ಮಾತಿಗೆ ಇಬ್ಬರೂ ಒಪ್ಪುತ್ತಾರೆ: ನಮ್ಮ ಪಡುವಣ ಕರಾವಳಿಗೆ ಅಂಟಿಕೊಂಡಿದ್ದ ಮಡಗಾಸ್ಕರ್ ಕಳಚಿಕೊಂಡಾಗ ಉಕ್ಕಿದ ಬೆಂಕಿಯ ಗುರುತಿದು. (ಆ ದ್ವೀಪದ ಪೂರ್ವ ತೀರದಲ್ಲೂ ಒಂದು ಸೇಂಟ್ ಮೇರಿ ದ್ವೀಪವಿದೆ, ಕಾಕತಾಳೀಯ!)

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಮಲ್ಪೆಯ ಈ ಕಂಬಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಆ ಕಂಬಗಳ ಮೇಲೇ ಹತ್ತಿ ನಿಂತು ಸೆಲ್ಫಿ, ಸಂದಿಯಲ್ಲಿ ಚಿಪ್ಸ್ ಪೊಟ್ಟಣ. ಹಂಪಿಯ ಕಲ್ಲಿನ ರಥ ಹತ್ತಿದರೆ ಬೊಬ್ಬೆ ಹೊಡೆಯುವ ನಾವು ಇಲ್ಲಿ ತುಟಿ ಬಿಚ್ಚುವುದಿಲ್ಲ. ಶಾಲಾ ಪ್ರವಾಸದ ಬಸ್ಸಿಳಿದ ಮಕ್ಕಳಿಗೂ ಮೇಷ್ಟ್ರು ಹೇಳುವುದು ಒಂದೇ: ನೀರಿಗಿಳಿಯಬೇಡಿ, ಮೂರು ಗಂಟೆಗೆ ಬೋಟು.