ಎಸ್.ಎಸ್.ಎಲ್.ಸಿ. ಆದ ಮೇಲಿನ ಮೆಟ್ಟಿಲು

ಪ್ರತಿವರ್ಷ ಊರಿನ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾದ ಬಳಿಕ ನಮ್ಮ ಕಾರ್ಯಾಲಯದ ಬಾಗಿಲಲ್ಲಿ ಕೆಲವು ಹೊಸ ಮುಖಗಳು ಕಾಣಿಸಿಕೊಳ್ಳುತ್ತವೆ. ಮಾವನನ್ನೋ ದೊಡ್ಡಪ್ಪನನ್ನೋ ನಂಬಿ ಮುಂಬಯಿಗೆ ಬಂದ ತರುಣರು. ಹೋಟೆಲಿನಲ್ಲಿ ಕೆಲಸ ದೊರೆತಿದೆ, ಮಲಗಲು ಜಾಗವೂ ದೊರೆತಿದೆ. ಮುಂದೆ ಓದಬೇಕೇ ಬೇಡವೇ ಎಂಬುದೊಂದು ಮಾತ್ರ ತಿಳಿಯದು. ಹಿರಿಯರ ಠೀವಿಯಿಂದ ಉಪದೇಶ ಮಾಡುವುದು ಸುಲಭ. ನಾವೂ ಬಹಳ ಸಲ ಮಾಡಿದ್ದೇವೆ. ಆದರೆ ಈ ಉಪದೇಶವು ಮೊತ್ತಮೊದಲು ಯಾವನಿಗೆ ಸಲ್ಲಬೇಕಾಗಿತ್ತೋ ಅವನಿಗೆ ಅದನ್ನು ಹೇಳುವವರು ಇರಲಿಲ್ಲ. ಆದುದರಿಂದ ಈ ಸಲ, ವಾಚಕರ ಅಪ್ಪಣೆ ಪಡೆದು, 1996ರ ಜೂನ್ ತಿಂಗಳ ಒಂದು ಮುಂಜಾನೆ ಕುಂದಾಪುರದ ಕಡೆಯ ಬಸ್ಸಿನಿಂದ ಸಯನಿನಲ್ಲಿ ಇಳಿದ ಹದಿನಾರು ವರ್ಷದ ಒಬ್ಬ ಹುಡುಗನೊಡನೆ ಮಾತನಾಡಬಯಸುತ್ತೇವೆ. ಆ ಹುಡುಗ ನಾವೇ.

ಕೊಂಕಣ ರೈಲು ಮಾರ್ಗವು ಪೂರ್ತಿಯಾಗಿ ತೆರೆಯಲು 1998 ಬರಬೇಕಾಯಿತು. ಅದಕ್ಕೆ ಮೊದಲೇ ಹೊರಟ ನೀನು ಬಸ್ಸಿನಲ್ಲಿ ಕುಲುಕಿಕೊಂಡು ಬಂದೆ. ನಿನ್ನ ತಗಡಿನ ಟ್ರಂಕಿನಲ್ಲಿ ಎರಡು ಜೊತೆ ಬಟ್ಟೆ, ಒಂದು ಸೀಸೆ ಮಾವಿನಮಿಡಿಯ ಉಪ್ಪಿನಕಾಯಿ, ಪ್ರಥಮ ದರ್ಜೆಯ ಅಂಕಪಟ್ಟಿ ಇದ್ದುವು. ಇಲ್ಲದಿದ್ದುದು ಶಾಲೆಯ ವರ್ಗಾವಣೆ ಪತ್ರ. ಅಂಕಪಟ್ಟಿಯೊಂದಿದ್ದರೆ ಲೋಕವೆಲ್ಲ ಬಾಗಿಲು ತೆರೆಯುವುದೆಂದು ತಿಳಿದಿದ್ದೆಯಲ್ಲ, ಹುಡುಗಾ! ಒಂದು ರಾಜ್ಯದ ಹೈಸ್ಕೂಲಿನಿಂದ ಇನ್ನೊಂದು ರಾಜ್ಯದ ಕಾಲೇಜಿಗೆ ಹೋಗುವವನು ಟಿ.ಸಿ.ಯನ್ನು ಪಡೆದು, ಅದರ ಮೇಲೆ ಶಿಕ್ಷಣಾಧಿಕಾರಿಗಳ ರುಜು ಹಾಕಿಸಿ, ಪರೀಕ್ಷಾ ಮಂಡಳಿಯಿಂದ ವಲಸೆ ಪತ್ರವನ್ನೂ ತರಬೇಕೆಂಬುದು ನಿನ್ನ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಎರಡು ಕಾಗದಗಳು ಅಂಚೆಯಲ್ಲಿ ಬಂದು ಸೇರುವಷ್ಟರಲ್ಲಿ ಪ್ರವೇಶದ ದಿನಗಳು ಕಳೆದು ಒಂದು ವರ್ಷವೇ ಹೋಯಿತು.

ಹೆಸರಿನ ತೊಡಕು ಬೇರೆ. ನಿನ್ನ ಅಂಕಪಟ್ಟಿಯಲ್ಲಿ ಹೆಸರಿನೊಡನೆ ಎರಡು ಇನಿಶಿಯಲ್ಲುಗಳು; ಇಲ್ಲಿಯ ಅರ್ಜಿಯಾದರೋ ಮೊದಲು ಅಡ್ಡಹೆಸರು, ಅನಂತರ ಸ್ವಂತ ಹೆಸರು, ಬಳಿಕ ತಂದೆಯ ಹೆಸರು ಎಂದು ಕೇಳಿತು. 'ಕೆ.' ಎಂದರೇನೆಂದು ಕಾಲೇಜಿನ ಗುಮಾಸ್ತರು ವಿಚಾರಿಸಿದಾಗ ಅದು ಊರಿನ ಹೆಸರೋ ಮನೆಯ ಹೆಸರೋ ನಿನಗೇ ಖಚಿತವಿರಲಿಲ್ಲ. ಇದನ್ನು ವಿನೋದಕ್ಕಾಗಿ ಬರೆಯುತ್ತಿಲ್ಲ. ಅಂಕಪಟ್ಟಿಯಲ್ಲೊಂದು ಹೆಸರು, ಆಧಾರ್ ಚೀಟಿಯಲ್ಲೊಂದು ಹೆಸರು ಇಟ್ಟುಕೊಂಡು ಅಲೆಯುವ ನಮ್ಮವರನ್ನು ಇಂದಿಗೂ ಕಾಣುತ್ತೇವೆ.

ಅಂತೂ 1997ರ ಜೂನ್ ತಿಂಗಳಲ್ಲಿ ನಿನಗೆ ಪ್ರವೇಶ ದೊರೆಯಿತು. ಊರಿನ ಪಿ.ಯು.ಸಿ.ಗೆ ಸಮನಾದ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳಿಗೆ ಮಹಾರಾಷ್ಟ್ರದಲ್ಲಿ ಜೂನಿಯರ್ ಕಾಲೇಜು ಎನ್ನುತ್ತಾರೆ. ವಾಣಿಜ್ಯ ವಿಭಾಗ, ಬೆಳಗ್ಗೆ ಏಳರಿಂದ ಹನ್ನೊಂದೂವರೆಯವರೆಗೆ ಪಾಠ. ಧಣಿಗಳು ಮಧ್ಯಾಹ್ನದಿಂದ ನಡುರಾತ್ರಿಯವರೆಗಿನ ಪಾಳಿಯನ್ನು ಕೊಟ್ಟು ಉಪಕರಿಸಿದ್ದರು. ಅಡ್ಡಿಯೆಂಬುದು ಹೊರಗೆ ಇರಲೇ ಇಲ್ಲ. ಆದರೂ ಆರನೆಯ ವಾರದಲ್ಲಿ ನೀನು ಕಾಲೇಜನ್ನು ಬಿಟ್ಟೆ.

ಏತಕ್ಕೆ ಬಿಟ್ಟೆಯೆಂಬುದು ನಿನಗೆ ತಿಳಿಯದು, ನಮಗೆ ತಿಳಿದಿದೆ. ಮೊದಲನೆಯ ದಿನವೇ ಬುಕ್-ಕೀಪಿಂಗಿನ ಅಧ್ಯಾಪಕರು ಒಳಗೆ ಬಂದು ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಮಾತನಾಡತೊಡಗಿದರು. ಹತ್ತು ವರ್ಷ ಕನ್ನಡದಲ್ಲಿ ಗಣಿತ ವಿಜ್ಞಾನಗಳನ್ನು ಕಲಿತ ನಿನಗೆ ಆ ನಲವತ್ತು ನಿಮಿಷಗಳಲ್ಲಿ ಕೇಳಿಸಿದುದು ನಾಲ್ಕೇ ಶಬ್ದಗಳು: ಡೆಬಿಟ್, ಕ್ರೆಡಿಟ್, ಜರ್ನಲ್, ಲೆಡ್ಜರ್. ಪಕ್ಕದ ಹುಡುಗರು ತಲೆಯಲ್ಲಾಡಿಸುತ್ತಿದ್ದರು. ನೀನೂ ತಲೆಯಲ್ಲಾಡಿಸಿದೆ. ಮರುದಿನ ಒಂದು ಬೆಂಚು ಹಿಂದಕ್ಕೆ ಹೋದೆ. ವಾರ ಕಳೆಯುವಷ್ಟರಲ್ಲಿ ಕೊನೆಯ ಬೆಂಚನ್ನು ಸೇರಿದೆ. ಕೊನೆಯ ಬೆಂಚಿನಿಂದ ಬಾಗಿಲಿಗೆ ಎಷ್ಟು ದೂರ?

ಈಗ ಅದೇ ರಾತ್ರಿಯ ಸಂಗತಿಯನ್ನು ನೆನಪಿಗೆ ತಂದುಕೊ. ಹೋಟೆಲಿನ ಬಾಗಿಲು ಎಳೆದ ಮೇಲೆ, ಅಕ್ಷರ ದುಂಡಗಿದೆಯೆಂಬ ಕಾರಣದಿಂದ ಮೆನೇಜರರು ನಿನ್ನ ಕೈಯಲ್ಲಿ ಕಿರ್ದಿ ಬರೆಸುತ್ತಿದ್ದರು. ಹಾಲಿನವನು ಹಾಲು ಕೊಟ್ಟಿದ್ದಾನೆ, ಹಣ ಸಂದಿಲ್ಲ. ಅವನ ಖಾತೆಗೆ ಜಮೆ. ಶನಿವಾರ ಹಣ ಕೊಟ್ಟಾಯಿತು. ಅವನ ಖಾತೆಗೆ ಖರ್ಚು. ಕೊಟ್ಟವನಿಗೆ ಜಮೆ, ಪಡೆದವನಿಗೆ ಖರ್ಚು. ಕಿರ್ದಿಯಿಂದ ಖಾತೆಗೆ ಎತ್ತಿ, ಕೊನೆಯಲ್ಲಿ ಎರಡು ಬದಿಯ ಮೊತ್ತವನ್ನೂ ತಾಳೆ ನೋಡಿ, ಮೂರೂವರೆ ರೂಪಾಯಿ ಕಡಮೆಯಾದರೆ ಅದನ್ನು ಹುಡುಕದೆ ನೀನು ಮಲಗಿದವನಲ್ಲ. ಹುಡುಗಾ, ಬೆಳಗ್ಗೆ ಆ ಅಧ್ಯಾಪಕರು ಹೇಳಿದುದೂ ಇಷ್ಟೇ! ಪಡೆದವನಿಗೆ ಡೆಬಿಟ್, ಕೊಟ್ಟವನಿಗೆ ಕ್ರೆಡಿಟ್. ಜರ್ನಲ್ ಎಂದರೆ ಕಿರ್ದಿ. ಲೆಡ್ಜರ್ ಎಂದರೆ ಖಾತೆಯ ಪುಸ್ತಕ. ಆ ತರಗತಿಯ ಇತರರು ಪುಸ್ತಕದಲ್ಲಿ ಮೊದಲ ಬಾರಿಗೆ ಕಾಣುತ್ತಿದ್ದುದನ್ನು ನಿನ್ನ ಕೈ ಪ್ರತಿರಾತ್ರಿ ಮಾಡುತ್ತಿತ್ತು. ನಿನಗೆ ವಿದ್ಯೆ ಬಾರದೆ ಇರಲಿಲ್ಲ. ವಿದ್ಯೆಯ ಹೆಸರು ಬರುತ್ತಿರಲಿಲ್ಲ. ಇದು ನಮಗೆ ಹೊಳೆದುದು 2008ರಲ್ಲಿ, ಸ್ವಂತ ಹೋಟೆಲಿನ ಲೆಕ್ಕವನ್ನು ಹಿಡಿದುಕೊಂಡು ಲೆಕ್ಕಪರಿಶೋಧಕರೊಬ್ಬರ ಮೇಜಿನೆದುರು ಕುಳಿತಾಗ. ಅವರು ಒಂದೊಂದು ಶಬ್ದವನ್ನೂ ಬಿಡಿಸಿ ಹೇಳಿದರು. ಹತ್ತು ನಿಮಿಷ ಸಾಕಾಯಿತು. ಅಂದು ಅಧ್ಯಾಪಕರ ಹಿಂದೆ ಹೊರಗೆ ಹೋಗಿ, ಹರುಕು ಮರಾಠಿಯಲ್ಲಾದರೂ ಕೇಳಿದ್ದರೆ ಅವರೂ ಹತ್ತು ನಿಮಿಷ ಕೊಡುತ್ತಿದ್ದರೋ ಏನೋ. ನಾವು ಕೇಳಲಿಲ್ಲ.

ಮರಾಠಿಯೆಂದಾಗ ಇನ್ನೊಂದು ನೆನಪಾಗುತ್ತದೆ. ಇಲ್ಲಿ ವಾಣಿಜ್ಯದ ಉತ್ತರಗಳನ್ನು ಮರಾಠಿಯಲ್ಲಿಯೂ ಬರೆಯಬಹುದು, ಊರಿನಲ್ಲಿ ಪಿ.ಯು.ಸಿ.ಯ ಉತ್ತರಗಳನ್ನು ಕನ್ನಡದಲ್ಲಿ ಬರೆಯಬಹುದು. ಗಿರಾಕಿಗಳೊಡನೆ ದಿನವಿಡೀ ಮರಾಠಿ ಆಡುತ್ತಿದ್ದ ನಿನಗೆ ಈ ದಾರಿಯನ್ನು ತೋರಿಸುವವರು ಇರಲಿಲ್ಲ; ನೀನಾಗಿ ವಿಚಾರಿಸಲೂ ಇಲ್ಲ.

ಹೈಸ್ಕೂಲಿಗೂ ಕಾಲೇಜಿಗೂ ಇರುವ ಮುಖ್ಯ ಅಂತರವೇ ಇದು. ಹೈಸ್ಕೂಲಿನಲ್ಲಿ ಎರಡು ದಿನ ತಪ್ಪಿದರೆ ಮಾಸ್ತರರು ದಾರಿಯಲ್ಲಿ ಸಿಕ್ಕ ನಿನ್ನ ತಂದೆಯನ್ನು ನಿಲ್ಲಿಸಿ ಕೇಳುತ್ತಿದ್ದರು. ಕಾಲೇಜಿನಲ್ಲಿ ನೀನೊಂದು ಸಂಖ್ಯೆ. ಆ ಸಂಖ್ಯೆಯನ್ನು ಕೂಗಿದಾಗ ಉತ್ತರ ಬಾರದಿದ್ದರೆ ಮುಂದಿನ ಸಂಖ್ಯೆಯನ್ನು ಕೂಗುತ್ತಾರೆ, ಅಷ್ಟೆ. ಬೈಗುಳಿಲ್ಲ, ಬೆತ್ತವಿಲ್ಲ. ಇದನ್ನು ನೀನು ಸ್ವಾತಂತ್ರ್ಯವೆಂದು ತಿಳಿದೆ. ಆರು ವಾರಕ್ಕೆ ಬಿಡದೆ ದೀಪಾವಳಿಯವರೆಗೆ, ಮೊದಲನೆಯ ಪರೀಕ್ಷೆಯವರೆಗಾದರೂ, ತಿಳಿಯಲಿ ತಿಳಿಯದಿರಲಿ ಮುಂದಿನ ಬೆಂಚಿನಲ್ಲಿ ಕುಳಿತಿರಬೇಕಾಗಿತ್ತು. ಕಿವಿಗೆ ಭಾಷೆ ಹಿಡಿಯಲು ಅಷ್ಟು ಕಾಲ ಬೇಕೇ ಬೇಕು. ಮುಂಬಯಿಯ ಹಿಂದಿ ನಿನಗೆ ಹಿಡಿಯಲು ಎಷ್ಟು ತಿಂಗಳಾಯಿತು? ಮೊದಲ ವಾರ ಗಿರಾಕಿಯು 'ಪಾನಿ ಕಮ್' ಚಹಾ ಕೇಳಿದಾಗ ನೀರು ತಂದಿಟ್ಟವನಲ್ಲವೇ ನೀನು?

ಬಿಟ್ಟ ಮೇಲೆ ನೆವಗಳಿಗೆ ಕೊರತೆಯಿರಲಿಲ್ಲ. ಶಿವರಾಮ ಕಾರಂತರು ಕಾಲೇಜನ್ನು ಬಿಟ್ಟವರಲ್ಲವೇ, 1977ರಲ್ಲಿ ಜ್ಞಾನಪೀಠವನ್ನು ಪಡೆಯಲಿಲ್ಲವೇ ಎಂದು ಕೋಣೆಯ ಮಿತ್ರರೊಡನೆ ವಾದಿಸಿದೆ. ಕಾರಂತರು ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಬಿಟ್ಟರು. ನೀನು ಬುಕ್-ಕೀಪಿಂಗಿಗೆ ಅಂಜಿ ಬಿಟ್ಟೆ. ದುಡಿಯುವವನಿಗೆ ಓದು ಸಾಗದೆಂಬ ನೆವವೂ ಈ ನಗರದಲ್ಲಿ ಸಲ್ಲುವಂತಹದಲ್ಲ. ಮೊಗವೀರ, ಬಂಟ, ಬಿಲ್ಲವ ಮೊದಲಾದ ಸಮಾಜಗಳ ಹಿರಿಯರು ಇಲ್ಲಿ ರಾತ್ರಿಶಾಲೆಗಳನ್ನು ನಡೆಸಿದುದು ಹೋಟೆಲಿನ ಹುಡುಗರಿಗಾಗಿಯೇ. ಡಾಕ್ಟರ್ ಅಂಬೇಡ್ಕರರ ಸಂಸ್ಥೆಯು 1946ರಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆದು ಬೆಳಗಿನ ತರಗತಿಗಳನ್ನಿಟ್ಟುದು ಹಗಲು ದುಡಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ.

ಇನ್ನು ತಾಯಿಯ ವಿಷಯ. ಇದನ್ನು ಬರೆಯಬೇಕೇ ಬಾರದೇ ಎಂದು ಬಹಳ ಆಲೋಚಿಸಿದೆವು. ಕಾಲೇಜು ಬಿಟ್ಟ ಸಂಗತಿಯನ್ನು ನೀನು ಮನೆಗೆ ಬರೆಯಲಿಲ್ಲ. 'ಓದು ಚೆನ್ನಾಗಿ ನಡೆದಿದೆ' ಎಂದು ಕಾಗದದ ಕೊನೆಯಲ್ಲಿ ಒಂದು ಸಾಲು ಬರೆಯುತ್ತಿದ್ದೆ. ಓದುಬರಹ ಬಾರದ ಆಕೆ ನೆರೆಮನೆಯವರಿಂದ ಆ ಸಾಲನ್ನು ಎರಡು ಸಲ ಓದಿಸುತ್ತಿದ್ದರಂತೆ. 1999ರ ದೀಪಾವಳಿಗೆ ಊರಿಗೆ ಹೋದಾಗ ಹಳೆಯ ಹೆಡ್‌ಮಾಸ್ತರರು ಅಂಗಳದಲ್ಲಿ ನಿಂತು ಪರೀಕ್ಷೆ ಏನಾಯಿತೆಂದು ಕೇಳಿದರು. ತಾಯಿ ಬಾಗಿಲಲ್ಲಿ ನಿಂತಿದ್ದರು. 'ಪಾಸಾಯಿತು' ಎಂದೆ. ಆಕೆ ಒಳಗೆ ಹೋಗಿ ಮಾಸ್ತರರಿಗೆ ಬೆಲ್ಲ ನೀರು ತಂದರು. ನಾವು ಹೋಟೆಲು ಇಟ್ಟೆವು, ಪತ್ರಿಕೆಯ ಭಾರವನ್ನೂ ಹೊತ್ತೆವು. ಆ ಒಂದು ಮಾತನ್ನು ತಿದ್ದುವ ಧೈರ್ಯವಾಗುವ ಮೊದಲೇ ಆಕೆ ತೀರಿಕೊಂಡರು. ಹುಡುಗಾ, ಕಾಲೇಜು ಬಿಟ್ಟುದನ್ನು ನಾವು ಮನ್ನಿಸಬಲ್ಲೆವು. ಬಿಟ್ಟೆನೆಂದು ಆ ವಾರವೇ ಬರೆದಿದ್ದರೆ ಆಕೆ ಎರಡು ದಿನ ಅತ್ತು, ಮೂರನೆಯ ದಿನ 'ಮತ್ತೆ ಸೇರು' ಎಂದು ಬರೆಸುತ್ತಿದ್ದರು. ನೀನು ಸೇರುತ್ತಲೂ ಇದ್ದೆ.

ಇಷ್ಟಾದ ಮೇಲೂ ನಮಗೆ ಬುದ್ಧಿ ಬಂದಿತ್ತೇ? 2012ರಲ್ಲಿ ನಮ್ಮಲ್ಲಿಯೇ ಟೇಬಲು ಒರೆಸುತ್ತಿದ್ದ ಹುಡುಗನೊಬ್ಬನು ಬೆಳಗಿನ ಪಾಳಿಯನ್ನು ಬದಲಿಸಿಕೊಡಿರೆಂದು ಕೇಳಿದನು. ಹನ್ನೊಂದನೆಯ ತರಗತಿಗೆ ಸೇರಬೇಕಂತೆ. ಬೆಳಗಿನ ಇಡ್ಲಿಯ ಹೊತ್ತು, ಆಳುಗಳ ಅಭಾವ. 'ಮುಂದಿನ ವರ್ಷ ನೋಡೋಣ' ಎಂದೆವು. ಗಲ್ಲೆಯ ಮೇಲೆ ಕುಳಿತವನಿಗೆ ಈ ಮಾತು ಎಷ್ಟು ಹಗುರವೋ ಕೆಳಗೆ ನಿಂತವನಿಗೆ ಅಷ್ಟು ಭಾರ. ಆತ ಸಂಬಳ ಪಡೆದು ಊರಿಗೆಂದು ಹೋದವನು ಮರಳಿ ಬರಲಿಲ್ಲ. ನಮಗೆ ಪಾಳಿ ಕೊಟ್ಟ ಧಣಿಗಳು ಇಂದು ಇಲ್ಲ; ಇದ್ದಿದ್ದರೆ ಅವರಿಗೆ ಮುಖ ತೋರಿಸುವುದು ಕಷ್ಟವಾಗುತ್ತಿತ್ತು. ಅಂದಿನಿಂದ ಓದುವ ಹುಡುಗನ ಪಾಳಿಯನ್ನು ಮೊದಲು ಗುರುತಿಸಿ, ಉಳಿದವರ ಪಾಳಿಯನ್ನು ಅನಂತರ ಹಾಕುವ ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ಇಡ್ಲಿ ನಿಂತಿಲ್ಲ.

ಪ್ರತಿದಿನ ತರಗತಿಗೆ ಹೋಗಲಾಗದವರಿಗೆ ಇಂದು ಬೇರೆ ದಾರಿಗಳೂ ಇವೆ. ಕೇಂದ್ರದ ಮುಕ್ತ ಶಾಲೆ, ಎಂದರೆ ಎನ್.ಐ.ಓ.ಎಸ್., 1989ರಲ್ಲಿ ಸ್ಥಾಪಿತವಾದುದು. ಹನ್ನೆರಡನೆಯ ತರಗತಿಗೆ ಅಲ್ಲಿ ಒಮ್ಮೆ ನೋಂದಾಯಿಸಿದರೆ ಐದು ವರ್ಷಗಳ ಅವಧಿ, ಒಂಬತ್ತು ಅವಕಾಶಗಳು. ತೇರ್ಗಡೆಯಾದ ವಿಷಯವನ್ನು ಮತ್ತೆ ಬರೆಯಬೇಕಾಗಿಲ್ಲ. ವರ್ಷಕ್ಕೆ ಎರಡು ವಿಷಯಗಳಂತೆ ಮುಗಿಸಿದರೂ ನಡೆಯುತ್ತದೆ. ಅದಾದ ಮೇಲೆ ಪದವಿಗೆ 1985ರ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯವಿದೆ, ನಾಸಿಕದಲ್ಲಿ 1989ರ ಯಶವಂತರಾವ್ ಚವ್ಹಾಣ ಮುಕ್ತ ವಿಶ್ವವಿದ್ಯಾನಿಲಯವಿದೆ. ಶುಲ್ಕ ಕಟ್ಟುವ ಮೊದಲು ಆಯಾ ಪಾಠಕ್ರಮಕ್ಕೆ ಯು.ಜಿ.ಸಿ.ಯ ಮಾನ್ಯತೆಯಿದೆಯೇ ಎಂದು ನೋಡತಕ್ಕದ್ದು. ಮನೆಯಲ್ಲಿ ಕುಳಿತು ಓದುವ ಈ ಕ್ರಮವು ತರಗತಿಗೆ ಸಮನೆಂದು ನಾವು ಹೇಳುವುದಿಲ್ಲ. ಅದಕ್ಕೆ ಹೆಚ್ಚಿನ ಹಟ ಬೇಕು. ಆದರೆ ನಡುರಾತ್ರಿಯ ಪಾಳಿಯವನಿಗೆ ಏಳು ಗಂಟೆಯ ಘಂಟೆಯ ಭಯವಿಲ್ಲ.

ಅರ್ಜಿ ತುಂಬುವುದರಲ್ಲಿ ಸಹಾಯ ಬೇಕಾದ ತರುಣರು ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ 4ರಿಂದ 6ರವರೆಗೆ ನಮ್ಮ ಕಾರ್ಯಾಲಯಕ್ಕೆ ಬರಬಹುದು. ಹೋಟೆಲಿನವರಿಗೆ ಬಿಡುವಿರುವುದು ಆ ಹೊತ್ತಿನಲ್ಲೆಂದು ಬಲ್ಲೆವು. ಬರುವಾಗ ಅಂಕಪಟ್ಟಿಯೊಂದನ್ನೇ ತರದೆ ಟಿ.ಸಿ.ಯನ್ನೂ ವಲಸೆ ಪತ್ರವನ್ನೂ ತರಬೇಕಾಗಿ ವಿನಂತಿ. ಹೆಸರಿನ ಮುಂದಿನ 'ಕೆ.' ಎಂದರೇನೆಂಬುದನ್ನು ಮನೆಯಲ್ಲಿ ಕೇಳಿಕೊಂಡೇ ಬರಬೇಕು.